ಮೇದೋಜೀರಕದ ಉರಿಯೂತ: ಯಾವ ಸ್ಕ್ಯಾನ್, ಎಷ್ಟನೇ ದಿನ?

ಬಳ್ಳಾರಿಯಲ್ಲಿ ಸಿಟಿ ಮಷಿನ್ ಮುಂದೆ ಕೂತು ಕೆಲಸ ಮಾಡುವವನು ನಾನು. ಡಾಕ್ಟರಲ್ಲ, ಟೆಕ್ನಿಷಿಯನ್. ಸಿರುಗುಪ್ಪ, ಕಂಪ್ಲಿ, ಗಂಗಾವತಿ, ಸಿಂಧನೂರು ಕಡೆಯಿಂದ ಹೊಟ್ಟೆ ಹಿಡಿದುಕೊಂಡು ಬರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಬ್ಯಾನಿ ಯಾವಾಗ ಸುರುವಾತ್ರಿ?"

"ಮೊನ್ನಿಯಿಂದ್ರಿ" ಅಂತಾರೆ. ನಮ್ಮ ಕಡೆ ಮೊನ್ನೆ ಅಂದರೆ ಎರಡು ದಿನವೂ ಆಗಬಹುದು, ಹೋದ ವಾರವೂ ಆಗಬಹುದು. ಬೇರೆ ಕಾಯಿಲೆಗಳಲ್ಲಿ ಇದು ನಡೆದೀತು. ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ, ಅಂದರೆ ಆಸ್ಪತ್ರೆಯವರು ಪ್ಯಾಂಕ್ರಿಯಾಟೈಟಿಸ್ ಎನ್ನುವ ಕಾಯಿಲೆಯಲ್ಲಿ, ನಡೆಯುವುದಿಲ್ಲ. ಈ ಗ್ರಂಥಿಯ ಚಿತ್ರ ಮೊದಲನೇ ದಿನ ಒಂದು ಥರ ಇರುತ್ತದೆ, ಐದನೇ ದಿನ ಇನ್ನೊಂದು ಥರ, ತಿಂಗಳ ಮೇಲೆ ಮತ್ತೊಂದು ಥರ. ಅದೇ ಕಪ್ಪು ಮಚ್ಚೆಗೆ ಎರಡನೇ ವಾರ ಒಂದು ಹೆಸರು, ಆರನೇ ವಾರ ಬೇರೆ ಹೆಸರು, ಬೇರೆ ಚಿಕಿತ್ಸೆ. ಹಾಗಾಗಿ ಮನೆಯವರು ಮಾಡಬೇಕಾದ ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. ನೋವು ಶುರುವಾದ ತಾರೀಕು, ಹೊತ್ತು ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಫೈಲಿನ ಮೇಲೆ ಅಂಟಿಸಿ. ಆಸ್ಪತ್ರೆಗೆ ಸೇರಿದ ದಿನವನ್ನಲ್ಲ, ನೋವು ಶುರುವಾದ ದಿನವನ್ನು. ಮುಂದೆ ಹೇಳುವ ಲೆಕ್ಕವೆಲ್ಲ ಆ ಚೀಟಿಯಿಂದಲೇ.

ಸ್ಕ್ಯಾನಿಗಿಂತ ಮೊದಲು

ಮೇದೋಜೀರಕ ಗ್ರಂಥಿ ಸುಮಾರು ಒಂದು ಗೇಣು ಉದ್ದ. ಜಠರದ ಹಿಂದೆ, ಬೆನ್ನುಮೂಳೆಗೆ ಆನಿಕೊಂಡು ಅಡ್ಡಡ್ಡ ಮಲಗಿರುತ್ತದೆ. ಡಾಕ್ಟರುಗಳು ಇದಕ್ಕೆ ತಲೆ, ಮೈ, ಬಾಲ ಅಂತ ಭಾಗ ಮಾಡಿದ್ದಾರೆ. ಇಷ್ಟು ಹಿಂದೆ ಇರುವುದರಿಂದಲೇ ಇದರ ನೋವು ಹೊಕ್ಕುಳ ಮೇಲೆ ಶುರುವಾಗಿ ಬೆನ್ನಿಗೆ ತೂರುತ್ತದೆ. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ತುಸು ಕಡಿಮೆ. ವಾಂತಿಯಾಗುತ್ತದೆ, ಆದರೆ ವಾಂತಿಯಾದರೂ ಹಗುರ ಅನ್ನಿಸುವುದಿಲ್ಲ.

ಊರಲ್ಲಿ ಇದಕ್ಕೆ ಸಿಗುವ ಮೊದಲ ಹೆಸರು "ಗ್ಯಾಸು". ಒಂದು ಸೋಡಾ, ಒಂದು ಗ್ಯಾಸಿನ ಗುಳಿಗಿ, ಸಂಜೆ ಹೊತ್ತಿಗೆ ಊರಿನ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್. ಹೀಗೇ ಒಂದು ದಿನ ಹೋಗಿಬಿಡುತ್ತದೆ. ಹೊಟ್ಟೆಯ ಮೇಲ್ಭಾಗದ ನೋವು ಹೃದಯಾಘಾತದ್ದೂ ಆಗಿರಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆದರೆ "ಹೊಟ್ಟಿ ಬ್ಯಾನಿಗೆ ಎದಿ ಪಟ್ಟಿ ಯಾಕ್ರಿ?" ಅಂತ ಜಗಳಕ್ಕೆ ನಿಲ್ಲಬೇಡಿ.

ಆಮೇಲೆ ರಕ್ತ ಪರೀಕ್ಷೆ. ಲೈಪೇಸ್, ಅಮೈಲೇಸ್ ಎನ್ನುವ ಎರಡು ಹೆಸರು ಕೇಳುತ್ತೀರಿ, ಅನ್ನ ಅರಗಿಸಲು ಈ ಗ್ರಂಥಿ ಬಿಡುವ ರಸದ ಕಿಣ್ವಗಳು ಅವು. ಪ್ರಪಂಚದಾದ್ಯಂತ ಡಾಕ್ಟರುಗಳು ಅನುಸರಿಸುವ, 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಮೂರರಲ್ಲಿ ಎರಡು ಸಿಕ್ಕರೆ ಇದು ಪ್ಯಾಂಕ್ರಿಯಾಟೈಟಿಸ್ ಎಂದು ತೀರ್ಮಾನ: ಈ ಬಗೆಯ ನೋವು, ಲೈಪೇಸ್ ಅಥವಾ ಅಮೈಲೇಸ್ ಸಾಮಾನ್ಯ ಮಿತಿಯ ಮೂರು ಪಟ್ಟಿಗೆ ಏರಿರುವುದು, ಸ್ಕ್ಯಾನಿನಲ್ಲಿ ಕಾಣುವ ಲಕ್ಷಣ. ನೋವೂ ಇದೆ, ಲೈಪೇಸೂ ಏರಿದೆ ಅಂದರೆ ಕಾಯಿಲೆ ಗುರುತಿಸಲು ಸಿಟಿ ಬೇಕಾಗಿಯೇ ಇಲ್ಲ. ಸಿಟಿ ಮಷಿನಿನವನೇ ಈ ಮಾತು ಹೇಳುತ್ತಿದ್ದಾನೆ, ನಂಬಿ.

ಇಲ್ಲೂ ದಿನದ ಲೆಕ್ಕ ಬರುತ್ತದೆ. ಅಮೈಲೇಸ್ ಬೇಗ ಏರಿ ಮೂರರಿಂದ ಐದು ದಿನದಲ್ಲಿ ಇಳಿದುಬಿಡುತ್ತದೆ, ಲೈಪೇಸ್ ಇನ್ನೂ ಹೆಚ್ಚು ದಿನ ಏರಿಯೇ ಇರುತ್ತದೆ. ಐದು ದಿನ ಮನೆಯಲ್ಲಿ ಸಹಿಸಿಕೊಂಡು ಬಂದವರ ಅಮೈಲೇಸ್ ಸರಿಯಾಗಿದೆ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನಲಾಗದು.

ಮೊದಲ ದಿನದ ನಿಜವಾದ ಚಿಕಿತ್ಸೆ ಸಲೈನು ಮತ್ತು ನೋವಿನ ಔಷಧ. ಉರಿಯೂತದಲ್ಲಿ ರಕ್ತನಾಳದ ಒಳಗಿನ ನೀರು ಹೊರಕ್ಕೆ ಜಿನುಗಿ ಹೊಟ್ಟೆಯಲ್ಲಿ ತುಂಬುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಹೊಲದಿಂದ ನೇರ ಬಂದವರ ಮೈ ಮೊದಲೇ ಒಣಗಿರುತ್ತದೆ. ಬಾಟ್ಲಿ ಹಚ್ಚುವುದನ್ನು ಬಿಟ್ಟು "ಮೊದ್ಲ ಸ್ಕ್ಯಾನಿಂಗ್ ಮಾಡಿಸ್ಕೊಂಡ್ ಬರೋಣು" ಅಂತ ಆಟೋ ಹತ್ತಿಸಿಕೊಂಡು ತಿರುಗಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಆಮೇಲೆ ಬೇಕಾದಾಗ ಕಾಂಟ್ರಾಸ್ಟ್ ಸಿಟಿ, ಅಂದರೆ ನರಕ್ಕೆ ಔಷಧ ಕೊಟ್ಟು ತೆಗೆಯುವ ಚಿತ್ರ, ಮಾಡಲೂ ಕಷ್ಟ.

ಮೊದಲ ದಿನ, ಎರಡನೇ ದಿನ: ಹೊಟ್ಟೆಯ ಅಲ್ಟ್ರಾಸೌಂಡ್

ಈ ಕಾಯಿಲೆಯ ಪ್ರತಿಯೊಬ್ಬರಿಗೂ ಮೊದಲ ಒಂದೆರಡು ದಿನದಲ್ಲಿ ಮಾಡಿಸಬೇಕಾದ ಸ್ಕ್ಯಾನ್ ಇದು. ಅಗ್ಗ, ವಿಕಿರಣವಿಲ್ಲ, ಗರ್ಭಿಣಿಯರಿಗೂ ಆಗುತ್ತದೆ. ಆದರೆ ಇದನ್ನು ಮಾಡುವುದು ಮೇದೋಜೀರಕ ನೋಡಲಿಕ್ಕಲ್ಲ, ಪಿತ್ತಕೋಶ ನೋಡಲಿಕ್ಕೆ. ಈ ಉರಿಯೂತಕ್ಕೆ ಎರಡು ದೊಡ್ಡ ಕಾರಣ: ಪಿತ್ತಕೋಶದ ಹರಳು, ಮದ್ಯ. ಹರಳೊಂದು ಜಾರಿ ಪಿತ್ತನಾಳದ ಬಾಯಿಗೆ ಸಿಕ್ಕಿಕೊಂಡರೆ ಮೇದೋಜೀರಕದ ರಸಕ್ಕೂ ದಾರಿ ಕಟ್ಟಿ, ರಸ ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಪಿತ್ತಕೋಶದೊಳಗಿನ ಹರಳನ್ನು ಹಿಡಿಯುವುದರಲ್ಲಿ ಸಿಟಿಗಿಂತ ಅಲ್ಟ್ರಾಸೌಂಡೇ ಮೇಲು. ಹರಳುಗಳಲ್ಲಿ ಎಷ್ಟೋ ಸಿಟಿಯಲ್ಲಿ ಕಾಣುವುದೇ ಇಲ್ಲ.

ತಯಾರಿ ಸರಳ, ಆರು ತಾಸು ಉಪವಾಸ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿಂದು ಬಂದರೆ ಎಣ್ಣೆ ಅರಗಿಸಲು ಪಿತ್ತಕೋಶ ಮುದುಡಿ ತನ್ನ ಪಿತ್ತವನ್ನು ಹೊರಕ್ಕೆ ಹಾಕಿರುತ್ತದೆ. ಖಾಲಿ ಚೀಲದೊಳಗೆ ಹರಳು ಹುಡುಕುವುದು ಕಷ್ಟ. ವಾಂತಿಯಾಗುತ್ತಿರುವವರು ಹೇಗೂ ಉಪವಾಸವೇ ಇರುತ್ತಾರೆ, ಅದು ಬೇರೆ ಮಾತು.

ರಿಪೋರ್ಟಿನಲ್ಲಿ ಒಂದು ಸಾಲು ಪದೇ ಪದೇ ಕಾಣುತ್ತದೆ: "ಪ್ಯಾಂಕ್ರಿಯಾಸ್ ಅಬ್ಸ್‌ಕ್ಯೂರ್ಡ್ ಬೈ ಬವೆಲ್ ಗ್ಯಾಸ್". ಕರುಳಿನ ಗಾಳಿ ಅಡ್ಡ ಬಂದು ಗ್ರಂಥಿ ಕಾಣಲಿಲ್ಲ ಎಂದರ್ಥ. ಶಬ್ದದ ಅಲೆಗಳು ಗಾಳಿಯನ್ನು ದಾಟಲಾರವು. ಉರಿಯೂತದಲ್ಲಿ ಸುತ್ತಲಿನ ಕರುಳು ಮಂಕಾಗಿ ಗಾಳಿ ತುಂಬಿಕೊಳ್ಳುವುದು ಸಹಜ. ಇದು ಸ್ಕ್ಯಾನ್ ಮಾಡಿದವರ ತಪ್ಪಲ್ಲ. ಮೇದೋಜೀರಕ ಚೆನ್ನಾಗಿದೆ ಎಂಬ ಸರ್ಟಿಫಿಕೇಟೂ ಅಲ್ಲ. ಅದನ್ನು ಹಿಡಿದು ಮತ್ತೊಂದು ಸೆಂಟರಿಗೆ ಹೋಗಿ ಅದೇ ಅಲ್ಟ್ರಾಸೌಂಡ್ ಇನ್ನೊಮ್ಮೆ ಮಾಡಿಸುವವರಿದ್ದಾರೆ. ದುಡ್ಡು ದಂಡ.

ಡಾಕ್ಟರನ್ನು ಕೇಳಬೇಕಾದದ್ದು ಮೂರು: ಪಿತ್ತಕೋಶದಲ್ಲಿ ಹರಳಿದೆಯೇ, ಪಿತ್ತನಾಳ ಹಿಗ್ಗಿದೆಯೇ, ಹೊಟ್ಟೆಯಲ್ಲಿ ನೀರಿದೆಯೇ. ನಾಳ ರಿಪೋರ್ಟಿನಲ್ಲಿ ಸಿಬಿಡಿ ಅಂತ ಇರುತ್ತದೆ. 6-7 ಮಿಲಿಮೀಟರಿಗಿಂತ ಅಗಲವಾಗಿದ್ದರೆ ಕೆಳಗೆಲ್ಲೋ ತಡೆಯಿದೆ ಎಂಬ ಅನುಮಾನ ಬರುತ್ತದೆ, ವಯಸ್ಸಾದವರಲ್ಲಿ ಸ್ವಲ್ಪ ಹೆಚ್ಚಿದ್ದರೂ ಆತಂಕವಿಲ್ಲ. ನಾಳದ ತುದಿಯಲ್ಲಿ ಸಿಕ್ಕಿಕೊಂಡ ಹರಳು ಅಲ್ಟ್ರಾಸೌಂಡಿಗೆ ತಪ್ಪಿಸಿಕೊಳ್ಳುವುದು ಮಾಮೂಲು.

ಇದೇ ಹೊತ್ತಿಗೆ ಒಂದು ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಎಡ ಶ್ವಾಸಕೋಶದ ಬುಡದಲ್ಲಿ ನೀರು ಸೇರಿದೆಯೇ, ಕರುಳೋ ಜಠರವೋ ತೂತಾಗಿ ವಪೆಯ, ಅಂದರೆ ಎದೆ-ಹೊಟ್ಟೆ ನಡುವಿನ ಪರದೆಯ, ಕೆಳಗೆ ಗಾಳಿ ನಿಂತಿದೆಯೇ ಎಂದು ನೋಡಲು.

ಸಿಟಿ: ಅವಸರ ಮಾಡಿದರೆ ಅರ್ಧ ಚಿತ್ರ

ಕೆಲವು ವರ್ಷದ ಹಿಂದೆ ಒಂದು ರಾತ್ರಿ ತುಂಗಭದ್ರೆಯ ದಂಡೆಯ ಹಳ್ಳಿಯೊಂದರಿಂದ ಒಬ್ಬರನ್ನು ಅವರ ಅಳಿಯ ಕರೆದುಕೊಂಡು ಬಂದ. ನೋವು ಶುರುವಾಗಿ ಆರು ತಾಸು ಆಗಿತ್ತು. "ಮಾಮಗ ಸಿಟಿ ಮಾಡ್ರಿ, ರೊಕ್ಕಕ್ಕ ಏನ್ ಚಿಂತಿ ಮಾಡಬ್ಯಾಡ್ರಿ" ಅಂತ ಹಟ ಹಿಡಿದ. ಮಾಡಿದೆವು. ಗ್ರಂಥಿ ತುಸು ಊದಿತ್ತು, ಅಷ್ಟೇ. "ಮೈಲ್ಡ್" ಅಂತ ರಿಪೋರ್ಟ್ ಹೋಯಿತು, ಆ ಹೊತ್ತಿಗೆ ಅದು ಸರಿಯೂ ಆಗಿತ್ತು. ಮೈಲ್ಡ್ ಎಂಬ ಮಾತು ಕೇಳಿ ಮನೆಯವರು ಡಾಕ್ಟರು ಬೇಡವೆಂದರೂ ಕರೆದುಕೊಂಡು ಊರಿಗೆ ಹೋದರು. ಐದನೇ ದಿನ ಅದೇ ಮನುಷ್ಯ ಜ್ವರ, ಏದುಸಿರಿನೊಂದಿಗೆ ಸ್ಟ್ರೆಚರ್ ಮೇಲೆ ಬಂದ. ಈ ಸಲದ ಚಿತ್ರದಲ್ಲಿ ಗ್ರಂಥಿಯ ಮೈಭಾಗವೇ ಸತ್ತುಹೋಗಿತ್ತು. ಎರಡೂ ಚಿತ್ರ ತೆಗೆದವನು ನಾನೇ. ಮಷಿನ್ ಎರಡು ಸಲವೂ ಸುಳ್ಳು ಹೇಳಿರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಕಾಲುವೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಸಿಟಿಯಲ್ಲಿ ನರಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧ ಕಾಲುವೆಗೆ ಬಿಟ್ಟ ನೀರಿನ ಹಾಗೆ. ರಕ್ತ ಹರಿಯುವಲ್ಲೆಲ್ಲ ಅದು ಹೋಗುತ್ತದೆ, ಹೋದ ಜಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ನೀರು ಮುಟ್ಟದ ಕೊನೆ ಭಾಗದ ಗದ್ದೆ ಒಣಗುವ ಹಾಗೆ, ರಕ್ತ ನಿಂತ ಭಾಗ ಕಪ್ಪಗೆ ಉಳಿಯುತ್ತದೆ. ಅದೇ ನೆಕ್ರೋಸಿಸ್, ಅಂಗಾಂಶ ಸತ್ತಿರುವುದು. ಆದರೆ ನೀರು ನಿಲ್ಲಿಸಿದ ಮಾರನೇ ದಿನವೇ ಪೈರು ಒಣಗುವುದಿಲ್ಲವಲ್ಲ? ಹಾಗೆಯೇ ಯಾವ ಭಾಗ ಬದುಕಿತು, ಯಾವುದು ಸತ್ತಿತು ಎಂಬುದು ಚಿತ್ರದಲ್ಲಿ ಸ್ಪಷ್ಟವಾಗಲು ಮೂರು ದಿನವಾದರೂ ಬೇಕು. ಐದರಿಂದ ಏಳನೇ ದಿನಕ್ಕೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಆದ್ದರಿಂದ ನಿಯಮ ಹೀಗಿದೆ. ನೋವು, ಲೈಪೇಸ್ ಎರಡೂ ಹೊಂದಿಕೊಂಡು, ರೋಗಿ ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದರೆ ಸಿಟಿ ಬೇಡ. ಹೆಚ್ಚಿನವರು ಈ ಗುಂಪಿನವರೇ, ವಾರದೊಳಗೆ ಮನೆಗೆ ಹೋಗುತ್ತಾರೆ. ಎರಡು-ಮೂರು ದಿನ ಚಿಕಿತ್ಸೆ ಕೊಟ್ಟರೂ ನೋವು ಇಳಿಯದಿದ್ದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಆಗ ಸಿಟಿ. ಮೊದಲ ದಿನವೇ ಸಿಟಿ ಮಾಡುವುದು ತಪ್ಪಲ್ಲದ ಸಂದರ್ಭವೂ ಇದೆ: ಕಾಯಿಲೆ ಇದೇ ಎಂದು ಖಾತ್ರಿ ಇಲ್ಲದಾಗ. ಜಠರದ ಹುಣ್ಣು ತೂತಾಗಿದ್ದರೆ, ಕರುಳಿಗೆ ರಕ್ತ ನಿಂತಿದ್ದರೆ ಅವುಗಳ ನೋವೂ ಹೀಗೇ ಇರುತ್ತದೆ, ಅಲ್ಲಿ ಕಾಯುವ ಹಾಗಿಲ್ಲ. ಡಾಕ್ಟರು ಮೊದಲ ದಿನವೇ ಬರೆದುಕೊಟ್ಟರೆ "ಏನು ಅನುಮಾನ ಇದೆ ಸಾರ್?" ಅಂತ ಕೇಳಿ. ಉತ್ತರ ಇರುತ್ತದೆ.

ಇನ್ನೊಂದು ಗೊಂದಲ "ಪ್ಲೇನ್" ಮತ್ತು "ಕಾಂಟ್ರಾಸ್ಟ್". ಪ್ಲೇನ್ ಸಿಟಿಗೆ ರೇಟು ಕಡಿಮೆ, ಅದಕ್ಕೇ "ಸಾದಾನ ಮಾಡ್ರಿ" ಅಂತಾರೆ. ಕಾಲುವೆಗೆ ನೀರೇ ಬಿಡದೆ ಯಾವ ಗದ್ದೆಗೆ ನೀರು ಮುಟ್ಟಿತು ಎಂದು ಹೇಗೆ ಹೇಳುವುದು? ಪ್ಲೇನ್ ಸಿಟಿಯಲ್ಲಿ ಊತ, ನೀರು, ಸುಣ್ಣಗಟ್ಟಿದ ಹರಳು ಕಾಣುತ್ತದೆ, ನೆಕ್ರೋಸಿಸ್ ಕಾಣುವುದಿಲ್ಲ. ಕಿಡ್ನಿ ಕೆಟ್ಟಿರುವವರಿಗೆ ಬೇರೆ ದಾರಿ ಇಲ್ಲದೆ ಪ್ಲೇನ್ ಮಾಡುವುದುಂಟು. ಉಳಿದವರು ಬರೀ ದುಡ್ಡು ಉಳಿಸಲು ಅದನ್ನು ಆರಿಸಿಕೊಂಡರೆ ಎರಡು ದಿನದಲ್ಲಿ ಮತ್ತೆ ಬಂದು ಎರಡನೇ ಸಲ ಕಟ್ಟುತ್ತಾರೆ.

ಟೇಬಲ್ ಹತ್ತುವ ಮುನ್ನ

ಬರುವಾಗ ತರಬೇಕಾದದ್ದು: ಡಾಕ್ಟರ ಚೀಟಿ, ಹಿಂದಿನ ಎಲ್ಲ ಸ್ಕ್ಯಾನ್, ಮತ್ತು ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್. ಕ್ರಿಯಾಟಿನಿನ್ ಕಿಡ್ನಿಯ ಪರೀಕ್ಷೆ. ಕಾಂಟ್ರಾಸ್ಟ್ ಅಯೋಡಿನ್ ಇರುವ ಔಷಧ, ಕಿಡ್ನಿಯ ಮೂಲಕವೇ ಹೊರಗೆ ಹೋಗಬೇಕು. ಈ ಕಾಯಿಲೆಯಲ್ಲಿ ಕಿಡ್ನಿ ಒಂದೇ ದಿನದಲ್ಲಿ ಸೋಲಬಹುದು, ಹಾಗಾಗಿ ಹೋದ ತಿಂಗಳ ರಿಪೋರ್ಟ್ ಉಪಯೋಗವಿಲ್ಲ.

ಬಾಯಿಬಿಟ್ಟು ಹೇಳಬೇಕಾದದ್ದು: ಹಿಂದೆ ಇಂಥ ಔಷಧಕ್ಕೆ ಮೈ ಕಡಿತ, ದದ್ದು, ಉಸಿರಾಟದ ತೊಂದರೆ ಆಗಿತ್ತೇ, ಅಸ್ತಮಾ ಇದೆಯೇ, ಥೈರಾಯ್ಡ್ ಇದೆಯೇ, ಗರ್ಭಿಣಿಯೇ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗಿ ನುಂಗುವವರು ತಪ್ಪದೆ ಹೇಳಿ. ಕಿಡ್ನಿ ಹದಗೆಟ್ಟಿದ್ದರೆ ಅದನ್ನು 48 ತಾಸು ನಿಲ್ಲಿಸಿ, ಕ್ರಿಯಾಟಿನಿನ್ ಮತ್ತೆ ನೋಡಿ ಶುರು ಮಾಡಿಸುತ್ತಾರೆ. ಎದೆಹಾಲು ಕುಡಿಸುವ ತಾಯಂದಿರು ಕಾಂಟ್ರಾಸ್ಟ್ ಆಯಿತೆಂದು ಹಾಲು ಬಿಡಿಸಬೇಕಾಗಿಲ್ಲ. ಹಾಲಿಗೆ ಹೋಗುವುದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಅಜ್ಜಿಯಂದಿರು ಒಪ್ಪುವುದಿಲ್ಲ, ಡಾಕ್ಟರ ಬಾಯಿಂದಲೇ ಹೇಳಿಸಿ.

ಕೈಗೆ ಹಾಕಿದ ಸೂಜಿಯ ಬಣ್ಣ ನೋಡಿ. ಹಸಿರು ಅಥವಾ ಗುಲಾಬಿ ಇದ್ದರೆ ಸರಿ. ಔಷಧವನ್ನು ಮಷಿನ್ ಒತ್ತಡದಲ್ಲಿ, ಸೆಕೆಂಡಿಗೆ ಮೂರು-ನಾಲ್ಕು ಮಿಲಿಲೀಟರಿನಂತೆ ಕಳಿಸುತ್ತದೆ. ಹಳದಿ ಬಣ್ಣದ್ದು, ಅಂದರೆ ಮಕ್ಕಳಿಗೆ ಹಾಕುವ ಸಣ್ಣ ಸೂಜಿ, ಅಷ್ಟು ರಭಸ ತಡೆಯದು. ವಾರ್ಡಿನಿಂದ ಹೊರಡುವಾಗಲೇ "ಸಿಸ್ಟರ್, ಸಿಟಿಗೆ ಹೊಂಟೀವಿ, ದೊಡ್ಡ ಸೂಜಿ ಹಾಕ್ರಿ" ಅಂದರೆ ನಮ್ಮ ಬಾಗಿಲಲ್ಲಿ ಅರ್ಧ ತಾಸು ನರ ಹುಡುಕುವುದು ತಪ್ಪುತ್ತದೆ.

ಮತ್ತೆ ಉಡದಾರ! ಬೆಳ್ಳಿ ಉಡದಾರ, ಅದಕ್ಕೆ ಕಟ್ಟಿದ ತಾಯತ, ಪ್ಯಾಂಟಿನ ಬಕಲ್, ಸೀರೆಗೆ ಸಿಕ್ಕಿಸಿದ ಪಿನ್ನು. ಲೋಹ ಹೊಟ್ಟೆಯ ಮೇಲೆ ಇದ್ದರೆ ಚಿತ್ರದ ತುಂಬ ಗೆರೆ ಬಿದ್ದು ನೋಡಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ದೇವರ ಕಟ್ಟು ಬಿಚ್ಚಲು ಮನಸ್ಸು ಬಾರದವರಿಗೆ ನಾನು ಹೇಳುವುದು, ದಾರವನ್ನು ಮೇಲಕ್ಕೆ ಸರಿಸಿ ಎದೆಯ ಮೇಲೆ ತನ್ನಿ ಅಂತ. ಸಿಟಿಗೆ ಇಷ್ಟು ನಡೆಯುತ್ತದೆ. ಎಂಆರ್‌ಐಗೆ ನಡೆಯುವುದಿಲ್ಲ, ಅಲ್ಲಿ ಎಲ್ಲವನ್ನೂ ತೆಗೆಯಲೇಬೇಕು.

ಒಳಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಹತ್ತು-ಹದಿನೈದು ನಿಮಿಷ. ಔಷಧ ಹೋಗುವಾಗ ಮೈಯೆಲ್ಲ ಬಿಸಿಯಾದಂತೆ, ಬಾಯಿ ಕಹಿಯಾದಂತೆ, ಬಟ್ಟೆಯಲ್ಲೇ ಮೂತ್ರ ಹೋದಂತೆ ಅನ್ನಿಸುತ್ತದೆ. ಹೋಗಿರುವುದಿಲ್ಲ. ಗಾಬರಿಯಾಗಿ ಅಲುಗಾಡಬೇಡಿ. "ಉಸಿರು ಹಿಡೀರಿ" ಅಂದಾಗ ಹಿಡಿಯಿರಿ, ಈ ಗ್ರಂಥಿ ಉಸಿರಿನ ಜೊತೆಗೇ ಮೇಲೆ ಕೆಳಗೆ ಓಡಾಡುತ್ತದೆ. ಮುಗಿದ ಮೇಲೆ ಅರ್ಧ ತಾಸು ಅಲ್ಲೇ ಕೂತಿರಿ, ಅಲರ್ಜಿ ಆಗುವುದಾದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಆಗುತ್ತದೆ.

ವಿಕಿರಣದ ಬಗ್ಗೆ ಕೇಳುವವರಿಗೆ: ಹೊಟ್ಟೆಯ ಒಂದು ಸಿಟಿಯಲ್ಲಿ ಸುಮಾರು 8ರಿಂದ 10 ಮಿಲಿಸೀವರ್ಟ್. ಭೂಮಿ, ಆಕಾಶದಿಂದ ನಮಗೆ ಮೂರು-ನಾಲ್ಕು ವರ್ಷದಲ್ಲಿ ತಾನಾಗಿ ಸಿಗುವಷ್ಟು. ಬೇಕಾದಾಗ ಮಾಡಿಸಲು ಹೆದರಬೇಕಾಗಿಲ್ಲ, ಬೇಡದಿದ್ದಾಗ ಮೂರು ದಿನಕ್ಕೊಮ್ಮೆ ಮಾಡಿಸುವಂಥದ್ದೂ ಅಲ್ಲ.

ರಿಪೋರ್ಟಿನ ಮಾತುಗಳು

ರಿಪೋರ್ಟ್ ಇಂಗ್ಲಿಷಿನಲ್ಲಿರುತ್ತದೆ, ಕೆಲವು ಶಬ್ದ ಗೊತ್ತಿದ್ದರೆ ಡಾಕ್ಟರು ಹೇಳುವುದು ತಲೆಗೆ ಹತ್ತುತ್ತದೆ. "ಬಲ್ಕಿ" ಅಂದರೆ ಊದಿದೆ. "ಫ್ಯಾಟ್ ಸ್ಟ್ರ್ಯಾಂಡಿಂಗ್" ಅಂದರೆ ಸುತ್ತಲಿನ ಕೊಬ್ಬು ಕದಡಿದೆ. "ಇಂಟರ್‌ಸ್ಟಿಷಿಯಲ್" ಅಂದರೆ ಬರೀ ಊತ, ಗ್ರಂಥಿ ಪೂರ್ತಿ ಬದುಕಿದೆ. "ನೆಕ್ರೋಟೈಸಿಂಗ್" ಅಂದರೆ ಒಂದಷ್ಟು ಸತ್ತಿದೆ. "ಕಲೆಕ್ಷನ್" ಅಂದರೆ ನೀರು ಸೇರಿದೆ.

ಕೊನೆಯಲ್ಲಿ ಒಂದು ಅಂಕಿ ಇರುತ್ತದೆ, ಸಿಟಿ ಸಿವಿಯಾರಿಟಿ ಇಂಡೆಕ್ಸ್, ಅಂದರೆ ಚಿತ್ರದಲ್ಲಿ ಕಂಡ ತೀವ್ರತೆಯ ಅಳತೆ, 10ಕ್ಕೆ ಇಷ್ಟು ಅಂತ. 1990ರಲ್ಲಿ ಬಾಲ್ತಜಾರ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕ ಇದು. ಗ್ರಂಥಿ ಮತ್ತು ಸುತ್ತಲಿನ ಸ್ಥಿತಿಗೆ 0ರಿಂದ 4 ಅಂಕ. ನೆಕ್ರೋಸಿಸ್ ಇಲ್ಲದಿದ್ದರೆ 0, ಶೇ 30ಕ್ಕಿಂತ ಕಡಿಮೆಗೆ 2, ಶೇ 30ರಿಂದ 50ಕ್ಕೆ 4, ಅರ್ಧಕ್ಕಿಂತ ಹೆಚ್ಚಿದ್ದರೆ 6. ಕೂಡಿಸಿದರೆ 0-3 ಸೌಮ್ಯ, 4-6 ಮಧ್ಯಮ, 7-10 ತೀವ್ರ. 2004ರಲ್ಲಿ ಬಂದ ಮಾರ್ಪಡಿಸಿದ ಲೆಕ್ಕದಲ್ಲಿ ಎದೆಯ ನೀರು, ರಕ್ತನಾಳದ ತೊಂದರೆ ಮೊದಲಾದವಕ್ಕೂ 2 ಅಂಕ ಸೇರುತ್ತದೆ, ಅಲ್ಲಿ 8-10 ತೀವ್ರ. ಹಾಗಾಗಿ ಎರಡು ಊರಿನ ಎರಡು ರಿಪೋರ್ಟಿನ ಅಂಕಿ ಹೋಲಿಸುವಾಗ ಯಾವ ಲೆಕ್ಕ ಅಂತ ಕೇಳಿ. "ಅಲ್ಲಿ 4 ಇತ್ತು, ಇಲ್ಲಿ 6 ಆಗೇತಿ, ನಿಮ್ಮ ಮಷಿನ್ನ ಸರಿ ಇಲ್ಲ" ಅಂತ ನನ್ನ ಜೊತೆ ಜಗಳ ಮಾಡಿದವರಿದ್ದಾರೆ.

ಅಂಕಿ ಹೇಳುವುದು ಹೊಟ್ಟೆಯ ಚಿತ್ರವನ್ನು ಮಾತ್ರ. ಮನುಷ್ಯನ ಉಸಿರು, ಮೂತ್ರ, ಬಿಪಿ ಹೇಗಿದೆ ಎಂಬುದನ್ನು ಮಂಚದ ಪಕ್ಕ ನಿಂತ ಡಾಕ್ಟರೇ ಹೇಳಬೇಕು. ಚಿತ್ರದಲ್ಲಿ 4 ಇದ್ದು ವೆಂಟಿಲೇಟರಿಗೆ ಹೋದವರನ್ನೂ, 8 ಇದ್ದು ನಡೆದುಕೊಂಡು ಮನೆಗೆ ಹೋದವರನ್ನೂ ನೋಡಿದ್ದೇನೆ.

ಎರಡು ಮಾತು ಕಂಡರೆ ತಡ ಮಾಡಬೇಡಿ. ಸೇರಿದ ನೀರಿನೊಳಗೆ "ಏರ್ ಫೋಸೈ", ಅಂದರೆ ಗಾಳಿಗುಳ್ಳೆ, ಇದೆ ಎಂದಿದ್ದರೆ ಕೀವಾಗಿರುವ ಅನುಮಾನ. "ಸೂಡೋಅನ್ಯೂರಿಸಮ್" ಎಂದಿದ್ದರೆ ರಸ ರಕ್ತನಾಳದ ಗೋಡೆಯನ್ನು ತಿಂದು ಅಲ್ಲಿ ಬಲೂನಿನಂತೆ ಉಬ್ಬಿದೆ, ಒಡೆದರೆ ಜೀವಕ್ಕೆ ಅಪಾಯ. ಚಿಕಿತ್ಸೆಯಲ್ಲಿರುವಾಗ ಯಾವ ದಿನವೇ ಆಗಲಿ ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಏಕಾಏಕಿ ತಲೆ ತಿರುಗಿ ಬೀಳುವುದು ಕಂಡರೆ ಅದು ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ.

ಎಂಆರ್‌ಸಿಪಿ ಯಾರಿಗೆ

ಇದು ಎಂಆರ್‌ಐ ಮಷಿನಿನಲ್ಲೇ ಮಾಡುವ, ಪಿತ್ತನಾಳ ಮತ್ತು ಮೇದೋಜೀರಕದ ನಾಳ ತೋರಿಸುವ ಚಿತ್ರ. ನಾಳದೊಳಗೆ ಇರುವ ರಸವೇ ಬೆಳ್ಳಗೆ ಹೊಳೆಯುವುದರಿಂದ ಸೂಜಿ, ಔಷಧ ಬೇಕಿಲ್ಲ. ಹರಳು ಕರಿ ಚುಕ್ಕೆಯಾಗಿ ಕಾಣುತ್ತದೆ. ಕಾಮಾಲೆ ಬಂದಿದ್ದರೆ, ಅಲ್ಟ್ರಾಸೌಂಡಿನಲ್ಲಿ ನಾಳ ಹಿಗ್ಗಿದ್ದು ಹರಳು ಸಿಗದಿದ್ದರೆ, ಕಾಂಟ್ರಾಸ್ಟ್ ಕೊಡಲಾಗದ ಕಿಡ್ನಿ ರೋಗಿಯಾದರೆ, ಗರ್ಭಿಣಿಯಾದರೆ ಇದು ಒಳ್ಳೆಯ ದಾರಿ. ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಗುಡುಗಿನಂಥ ಸದ್ದಿನಲ್ಲಿ ಅಲುಗಾಡದೆ ಮಲಗಬೇಕು. ನೋವಿನಲ್ಲಿ ಹೊರಳಾಡುವವರಿಗೆ ಮೊದಲ ದಿನ ಆಗದ ಮಾತು. ಪೇಸ್‌ಮೇಕರ್, ತಲೆಯೊಳಗೆ ಆಪರೇಷನ್ನಿನಲ್ಲಿ ಹಾಕಿದ ಕ್ಲಿಪ್, ಕಣ್ಣಿನಲ್ಲಿ ಕಬ್ಬಿಣದ ಚೂರು ಇದ್ದರೆ ಮೊದಲೇ ಹೇಳಿ. ವೆಲ್ಡಿಂಗ್ ಕೆಲಸದವರನ್ನು ಇದಕ್ಕೇ ಎರಡೆರಡು ಸಲ ಕೇಳುವುದು.

ಹೆಸರು ಹತ್ತಿರವಿದ್ದರೂ ಇಆರ್‌ಸಿಪಿ ಬೇರೆಯೇ. ಅದು ಬಾಯಿಯ ಮೂಲಕ ನಳಿಗೆ ಇಳಿಸಿ ನಾಳದ ಹರಳು ತೆಗೆಯುವ ಚಿಕಿತ್ಸೆ. ಬರೀ ನೋಡುವುದಕ್ಕೆ ಅದನ್ನು ಮಾಡುವುದಿಲ್ಲ, ಏಕೆಂದರೆ ಅದರಿಂದಲೇ ಕೆಲವರಿಗೆ ಪ್ಯಾಂಕ್ರಿಯಾಟೈಟಿಸ್ ಬರುತ್ತದೆ.

ನಾಲ್ಕು ವಾರದ ಗೆರೆ

ಚೀಟಿಯ ಮೇಲಿನ ತಾರೀಕು ಮತ್ತೆ ಕೆಲಸಕ್ಕೆ ಬರುವುದು ಇಲ್ಲಿ. ಮೊದಲ ನಾಲ್ಕು ವಾರದಲ್ಲಿ ಸೇರಿದ ನೀರಿಗೆ ಗಟ್ಟಿ ಗೋಡೆ ಇರುವುದಿಲ್ಲ. ಬರೀ ನೀರಾದರೆ ಬಹುಪಾಲು ತಾನೇ ಹೀರಿಹೋಗುತ್ತದೆ. ನಾಲ್ಕು ವಾರ ದಾಟಿಯೂ ಉಳಿದರೆ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಒಳಗೆ ಬರೀ ನೀರಿದ್ದರೆ ಅದಕ್ಕೆ "ಸೂಡೋಸಿಸ್ಟ್", ಸತ್ತ ಅಂಗಾಂಶದ ತುಂಡುಗಳೂ ಇದ್ದರೆ "ವಾಲ್ಡ್ ಆಫ್ ನೆಕ್ರೋಸಿಸ್". ನೀರೋ ತುಂಡೋ ಎಂಬುದನ್ನು ಹೇಳುವುದರಲ್ಲಿ ಸಿಟಿಗಿಂತ ಎಂಆರ್‌ಐ, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೇಲು. ಎಂಡೋಸ್ಕೋಪಿಕ್ ಅಂದರೆ ನಳಿಗೆಯ ತುದಿಯಲ್ಲಿ ಅಲ್ಟ್ರಾಸೌಂಡ್ ಕಟ್ಟಿ ಜಠರದೊಳಗಿನಿಂದಲೇ ನೋಡುವುದು. ಅಲ್ಲಿ ಕರುಳಿನ ಗಾಳಿಯ ಅಡ್ಡಿ ಇಲ್ಲ.

ಗೋಡೆ ಗಟ್ಟಿಯಾದ ಮೇಲೆ, ತೊಂದರೆ ಕೊಡುತ್ತಿದ್ದರೆ ಮಾತ್ರ, ಜಠರದ ಗೋಡೆಗೆ ದಾರಿ ಮಾಡಿ ಅದನ್ನು ಖಾಲಿ ಮಾಡುತ್ತಾರೆ. "ನೀರು ಐತಿ ಅಂತೀರಿ, ಇವತ್ತ ತಗದ್ ಬಿಡ್ರಿ" ಎನ್ನುವ ಮನೆಯವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಕೀವಾಗದ ಎಳೆಯ ಕಲೆಕ್ಷನ್ನಿಗೆ ಕೈ ಹಾಕಿದರೆ ಹೊರಗಿನ ಸೋಂಕನ್ನು ನಾವೇ ಒಳಗೆ ಬಿಟ್ಟಂತೆ.

ಹರಳಿನಿಂದ ಸೌಮ್ಯ ಉರಿಯೂತ ಆದವರು ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಸಿಕೊಂಡು ಹೋಗುವುದು ಒಳ್ಳೆಯದು. "ಸುಗ್ಗಿ ಮುಗಿಸಿ ಬರ್ತೀವ್ರಿ" ಅಂತ ಹೋದವರು ಸುಗ್ಗಿಯ ನಡುವೆಯೇ ಮತ್ತೆ ಬರುತ್ತಾರೆ. ಹರಳೂ ಇಲ್ಲ, ಕುಡಿತವೂ ಇಲ್ಲ, ರಕ್ತದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕೂಡ ಡೆಸಿಲೀಟರಿಗೆ 1000 ಮಿಲಿಗ್ರಾಂ ಹತ್ತಿರ ಇಲ್ಲ, ವಯಸ್ಸು ನಲವತ್ತು ದಾಟಿದೆ ಅಂದರೆ ಊತ ಇಳಿದ ಮೇಲೆ ಇನ್ನೊಂದು ಚಿತ್ರ ಬೇಕು. ಸಣ್ಣ ಗಡ್ಡೆಯೊಂದು ಊತದ ಮರೆಯಲ್ಲಿ ಅಡಗಿರಬಹುದು.

ಪದೇ ಪದೇ ಬರುವ ಹಳೆಯ ಉರಿಯೂತದ ಚಿತ್ರವೇ ಬೇರೆ: ಗ್ರಂಥಿ ಸೊರಗಿ, ಒಳಗೆ ಸುಣ್ಣದ ಹರಳು, ನಾಳ ಅಲ್ಲಲ್ಲಿ ಹಿಗ್ಗಿ ಅಲ್ಲಲ್ಲಿ ಕುಗ್ಗಿ ಕೆರೆಗಳ ಸಾಲಿನ ಹಾಗೆ. ಹರಳಿಗೆ ಪ್ಲೇನ್ ಸಿಟಿ ಸಾಕು, ನಾಳಕ್ಕೆ ಎಂಆರ್‌ಸಿಪಿ. ಕುಡಿತದ ಸೋಂಕೇ ಇಲ್ಲದ ಹುಡುಗ ಹುಡುಗಿಯರಲ್ಲೂ ಇದು ದಕ್ಷಿಣ ಭಾರತದಲ್ಲಿ ಕಾಣುತ್ತದೆ. ಅವರನ್ನು "ಕದ್ದು ಕುಡೀತಾನ" ಅಂತ ಬೈಯುವ ಮೊದಲು ಡಾಕ್ಟರ ಮಾತು ಕೇಳಿ.

ಊರು ಬಿಟ್ಟು ಹೋಗಬೇಕಾದಾಗ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಬಳ್ಳಾರಿಯದನ್ನು ಜನ ಈಗಲೂ ವಿಮ್ಸ್ ಎಂದೇ ಕರೆಯುವುದು, ರಾಯಚೂರಿನದು ರಿಮ್ಸ್, ಕೊಪ್ಪಳದ್ದು ಕಿಮ್ಸ್. ಮೊದಲು ಅಲ್ಲಿಗೆ ಹೋಗಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಅಲ್ಲಿ ಆಗದ ದೊಡ್ಡ ಚಿಕಿತ್ಸೆಗೆ ಹೊರಗೆ ಹೋಗುವಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿರಲಿ. ರೇಷನ್ ಕಾರ್ಡ್, ಆಧಾರ್ ಫೈಲಿನಲ್ಲೇ ಇಟ್ಟುಕೊಳ್ಳಿ. ಸ್ಕ್ಯಾನಿಗೆ ಹೊರಡುವ ಮುನ್ನ ಫೋನ್ ಮಾಡಿ ಮಷಿನ್ ನಡೀತಿದೆಯೇ ಅಂತ ಕೇಳುವುದು ಅವಮಾನವಲ್ಲ.

ರಾಯಚೂರಿನವರು ಹೈದರಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ, ಬಳ್ಳಾರಿಯವರು ಬೆಂಗಳೂರಿಗೆ ಹೋಗುವುದು ರೂಢಿ. ಹೋಗುವಾಗ ಫಿಲ್ಮ್ ಮಾತ್ರ ಒಯ್ಯುತ್ತಾರೆ. ಒಂದು ಸಿಟಿಯಲ್ಲಿ ನೂರಾರು ಚಿತ್ರಗಳಿರುತ್ತವೆ, ಫಿಲ್ಮಿನಲ್ಲಿ ಆಯ್ದ ಕೆಲವು ಮಾತ್ರ. ಅದರ ಮೊಬೈಲ್ ಫೋಟೋವನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಅಲ್ಲಿಯ ಡಾಕ್ಟರಿಗೆ ಊತ ಕೂಡ ಸರಿಯಾಗಿ ಕಾಣುವುದಿಲ್ಲ. ಸ್ಕ್ಯಾನ್ ಮುಗಿದ ಕೂಡಲೇ "ಸಿಡಿ ಕೊಡ್ರಿ" ಅಂತ ಕೇಳಿ, ಅದರಲ್ಲಿ ಡೈಕಾಮ್ ಚಿತ್ರಗಳು, ಅಂದರೆ ಮಷಿನ್ ತೆಗೆದ ಮೂಲ ಚಿತ್ರಗಳು, ಪೂರ್ತಿ ಇರಬೇಕು. ಸಿಡಿ ಇಲ್ಲದೆ ಹೋದವರಿಗೆ ಅಲ್ಲಿ ಮತ್ತೆ ಸಿಟಿ ಮಾಡುತ್ತಾರೆ. ಮತ್ತೆ ಔಷಧ, ಮತ್ತೆ ಕಿಡ್ನಿಗೆ ಭಾರ, ಮತ್ತೆ ದುಡ್ಡು.

ಸಿಡಿ ಸಿಕ್ಕಿದ ಮೇಲೆ ಬೈಕಿನ ಡಿಕ್ಕಿಯಲ್ಲೋ ಕಾರಿನ ಗಾಜಿನ ಹಿಂದೆಯೋ ಇಡಬೇಡಿ. ಏಪ್ರಿಲ್ ಬಿಸಿಲಿಗೆ ಡೊಂಕಾದ ಸಿಡಿಗಳನ್ನು ನಮ್ಮ ಬಳಿಯೇ ತಂದು "ಓದ್ತಿಲ್ರಿ" ಅಂದವರಿದ್ದಾರೆ. ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಪೆನ್‌ಡ್ರೈವಿಗೆ ನಕಲು ಮಾಡಿಸಿ. ಸಿಡಿಯ ಕವರಿನ ಮೇಲೆ ಮಾರ್ಕರಿನಲ್ಲಿ ಎರಡು ತಾರೀಕು ಬರೆಯಿರಿ: ಸ್ಕ್ಯಾನ್ ಆದದ್ದು, ಅದರ ಕೆಳಗೆ ಬ್ಯಾನಿ ಸುರುವಾದದ್ದು.